ಉಗುರುಬಣ್ಣವೂ ಅದರ ವಾಸನೆಯೂ

ಈ ಸಲದ ಗೋಡೆ ಪತ್ರಿಕೆಯಲ್ಲಿ ‘ಆರೋಗ್ಯ’ದ ಪುಟ ಬರೆಯುವ ಸರದಿ ನನ್ನದು. ನಾನು ಉಗುರುಬಣ್ಣ, ಅಂದರೆ ನಾವೆಲ್ಲಾ ನೇಲ್ ಪಾಲಿಶ್ ಅಂತ ಕರೆಯುವ ವಸ್ತುವಿನ ಬಗ್ಗೆ ಬರೆಯುತ್ತಿದ್ದೇನೆ. ಹುಡುಗರು ‘ಇದು ನಮಗಲ್ಲ’ ಅಂತ ಪಕ್ಕದ ಹಾಳೆಗೆ ಹೋಗಬೇಡಿ. ನಿಮ್ಮ ಮನೆಯಲ್ಲೂ ಅಕ್ಕತಂಗಿಯರು ಇದ್ದಾರೆ. ಬಾಗಿಲು ಕಿಟಕಿಗೆ ಪೇಂಟ್ ಹೊಡೆಯುವ ಅಣ್ಣಂದಿರು ಮಾವಂದಿರೂ ಇದ್ದಾರೆ. ಅವರ ತಿನ್ನರ್ ಡಬ್ಬಿಗೂ ನಮ್ಮ ಸಣ್ಣ ಬಾಟಲಿಗೂ ನೆಂಟಸ್ತಿಕೆ ಐತೆ.

ಮೊದಲು ಉಗುರು ಎಂದರೇನು ಎಂಬುದನ್ನು ತಿಳಿಯೋಣ. ಉಗುರು, ಕೂದಲು, ಎತ್ತಿನ ಕೊಂಬಿನ ಮೇಲಿನ ಗಟ್ಟಿ ಭಾಗ ಇವೆಲ್ಲಾ ಕೆರಾಟಿನ್ ಎಂಬ ಒಂದೇ ಜಾತಿಯ ವಸ್ತುವಿನಿಂದ ಆಗಿವೆ. ಹೊರಗೆ ಕಾಣುವ ಉಗುರಿಗೆ ಜೀವ ಇಲ್ಲ. ಅದಕ್ಕೇ ಕತ್ತರಿಸಿದರೆ ನೋವಾಗುವುದಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಒಳಗೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಬರಲು ಹತ್ತಿರಹತ್ತಿರ ಆರು ತಿಂಗಳು ಬೇಕು. ಆಷಾಢದಲ್ಲಿ ಹಚ್ಚಿದ ಗೋರಂಟಿ ಅಂಗೈಯಲ್ಲಿ ಅಳಿಸಿಹೋದರೂ ಉಗುರಿನ ತುದಿಯಲ್ಲಿ ದೀಪಾವಳಿ ಆದ ಮೇಲೂ ಕೆಂಪಗೆ ಉಳಿದಿರುವುದು ಇದರಿಂದಲೇ.

ಇನ್ನು ಬಾಟಲಿಯ ಒಳಗೆ ಏನಿದೆ ನೋಡೋಣ. ಉಗುರಿನ ಮೇಲೆ ಗಟ್ಟಿಯಾಗಿ ಪದರ ಕಟ್ಟುವ ವಸ್ತುವಿನ ಹೆಸರು ನೈಟ್ರೋಸೆಲ್ಯುಲೋಸ್. ಹತ್ತಿಯನ್ನೋ ಮರದ ತಿರುಳನ್ನೋ ನೈಟ್ರಿಕ್ ಆಮ್ಲ ಮತ್ತು ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿಸಿ ಇದನ್ನು ತಯಾರಿಸುತ್ತಾರೆ. ಹಿಂದಿನ ಕಾಲದ ಸಿನಿಮಾ ರೀಲು ಇದರಿಂದಲೇ ಆಗುತ್ತಿತ್ತು. ಬಂದೂಕಿನ ಮದ್ದಿಗೂ ಇದೇ ಬೇಕು. 1920ರ ನಂತರ ಕಾರುಗಳಿಗೆ ಹೊಡೆಯುವ ಬಣ್ಣವನ್ನು ಇದರಿಂದ ಮಾಡತೊಡಗಿದರು. ಉಗುರಿನ ಬಣ್ಣವೂ ಅದೇ ದಾರಿಯಲ್ಲಿ ಬಂತು. ಅಮೆರಿಕದಲ್ಲಿ ರೆವ್ಲಾನ್ ಕಂಪನಿ 1932ರಲ್ಲಿ ಶುರುವಾಗಿದ್ದು ಉಗುರುಬಣ್ಣ ಮಾರುವುದರಿಂದ. ನಮ್ಮ ದೇಶದಲ್ಲಿ ಟಾಟಾದವರು 1952ರಲ್ಲಿ ಲ್ಯಾಕ್ಮೆ ಎಂಬ ಸೌಂದರ್ಯ ಸಾಧನದ ಕಂಪನಿ ತೆರೆದರು. ನಮ್ಮ ಜಿಲ್ಲೆ ಹತ್ತಿ ಬೆಳೆಯುವ ಜಿಲ್ಲೆ, ಪಕ್ಕದ ದಾವಣಗೆರೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಹತ್ತಿಯಿಂದ ಬಟ್ಟೆ ಆಗುತ್ತದೆ ಅಂತ ಗೊತ್ತಿತ್ತು. ಉಗುರಿನ ಬಣ್ಣವೂ ಆಗುತ್ತದೆ ಅಂತ ನನಗೆ ಈಗಲೇ ಗೊತ್ತಾಗಿದ್ದು.

ಈ ಗಟ್ಟಿ ವಸ್ತುವನ್ನು ಬ್ರಷ್ಷಿನಲ್ಲಿ ಹಚ್ಚಬೇಕಾದರೆ ಯಾವುದರಲ್ಲಾದರೂ ಕರಗಿಸಬೇಕಲ್ಲ? ನೀರಿನಲ್ಲಿ ಅದು ಕರಗುವುದಿಲ್ಲ. ಅದಕ್ಕೆ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳನ್ನು ಹಾಕುತ್ತಾರೆ. ಕೆಲವದರಲ್ಲಿ ಟಾಲ್ವೀನ್ ಹಾಕುತ್ತಾರೆ. ಪೇಂಟಿನ ತಿನ್ನರ್‌ನಲ್ಲಿ ಇರುವುದೂ ಟಾಲ್ವೀನೇ. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ದ್ರಾವಕಗಳೇ ಇರುತ್ತವೆ. ಈಗ ಒಂದು ಪ್ರಶ್ನೆ. ಬಣ್ಣ ಹಚ್ಚಿ ಐದು ನಿಮಿಷ ಊದಿದರೆ ಒಣಗುತ್ತದೆ. ಒಣಗಿತು ಅಂದರೆ ಆ ದ್ರಾವಕ ಎಲ್ಲಿಗೆ ಹೋಯಿತು? ಗಾಳಿಗೆ ಹೋಯಿತು. ಗಾಳಿಯಿಂದ ಎಲ್ಲಿಗೆ? ಹತ್ತಿರ ಕೂತವರ ಮೂಗಿಗೆ. ನಾವು ಬಣ್ಣ ನೋಡಿಕೊಂಡು ಕೂತಿರುತ್ತೇವೆ, ಕೆಲಸ ಮಾಡುತ್ತಿರುವುದು ವಾಸನೆ.

ವಿಜ್ಞಾನದ ಮೇಷ್ಟ್ರು ಶಾಲೆಯ ಜಗಲಿಯಲ್ಲಿ ನಮಗೆ ಒಂದು ಪ್ರಯೋಗ ಮಾಡಿ ತೋರಿಸಿದರು. ಉಗುರುಬಣ್ಣ ಒರೆಸುವ ರಿಮೂವರನ್ನು ಥರ್ಮೋಕೋಲ್ ತುಂಡಿನ ಮೇಲೆ ನಾಲ್ಕು ಹನಿ ಹಾಕಿದರು. ಥರ್ಮೋಕೋಲ್ ಚುಸ್ ಅಂತ ಕುಸಿದು ಗುಂಡಿ ಬಿತ್ತು. ಹಿಂದಿನ ಬೆಂಚಿನವರು ‘ಅಯ್ಯೋ, ನಮ್ಮ ಕೈಗೂ ತೂತು ಬೀಳ್ತೈತೆ’ ಅಂತ ಕೂಗಿದರು. ಮೇಷ್ಟ್ರು, ‘ಹಂಗಲ್ಲ, ಥರ್ಮೋಕೋಲ್ ಬೇರೆ, ಚರ್ಮ ಬೇರೆ. ರಿಮೂವರಿನಲ್ಲಿರೋ ಅಸಿಟೋನಲ್ಲಿ ಥರ್ಮೋಕೋಲ್ ಕರಗ್ತದೆ, ಚರ್ಮ ಕರಗಲ್ಲ. ಆದರೆ ಚರ್ಮದ, ಉಗುರಿನ ಎಣ್ಣೆ ಅಂಶ ಹೋಗ್ತದೆ’ ಅಂದರು. ಅದಕ್ಕೇ ಪದೇ ಪದೇ ಒರೆಸಿದರೆ ಉಗುರು ಬೆಳ್ಳಗಾಗಿ ಪದರ ಪದರ ಏಳುತ್ತದೆ, ಸುತ್ತ ಚರ್ಮ ಒಡೆಯುತ್ತದೆ. ಈ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಈ ಬಣ್ಣಗಳಲ್ಲಿ ತುಂಬಾ ಹೆಸರು ಕೆಡಿಸಿಕೊಂಡ ರಾಸಾಯನಿಕಗಳು ಮೂರು. ಒಂದು ಆಗಲೇ ಹೇಳಿದ ಟಾಲ್ವೀನ್. ಇದರ ಆವಿ ಹೆಚ್ಚು ಕುಡಿದರೆ ತಲೆನೋವು, ತಲೆ ಸುತ್ತು, ಕಣ್ಣುರಿ ಬರುತ್ತದೆ. ವರ್ಷಗಟ್ಟಲೆ ಹೆಚ್ಚಾಗಿ ಕುಡಿದರೆ ನರಗಳಿಗೂ ಮೆದುಳಿಗೂ ಕೇಡು, ಬಸುರಿಯರಿಗೆ ಇನ್ನೂ ಕೇಡು. ಎರಡನೆಯದು ಫಾರ್ಮಾಲ್ಡಿಹೈಡ್. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಹಾವು, ಕಪ್ಪೆ ಹಾಕಿಟ್ಟ ಗಾಜಿನ ಜಾಡಿ ನೋಡಿದ್ದೀರಲ್ಲ, ಆ ನೀರಿಗೆ ಫಾರ್ಮಲಿನ್ ಅನ್ನುತ್ತಾರೆ. ಅದು ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್. ಮೆತ್ತನೆಯ ಉಗುರನ್ನು ಗಟ್ಟಿ ಮಾಡುವ ದ್ರವಗಳಲ್ಲಿ ಇದನ್ನು ಹಾಕುತ್ತಾರೆ. ಇದರಿಂದ ಮಾಡಿದ ಒಂದು ರಾಳ ಕೆಲವು ಬಣ್ಣಗಳಲ್ಲಿಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಆ ರಾಳದ ಅಲರ್ಜಿಯಲ್ಲಿ ಒಂದು ವಿಚಿತ್ರ ಇದೆ. ಹಚ್ಚುವುದು ಉಗುರಿಗೆ, ತುರಿಕೆ ಬರುವುದು ಕಣ್ಣಿನ ರೆಪ್ಪೆಗೆ ಮತ್ತು ಕುತ್ತಿಗೆಗೆ! ಯಾಕೆಂದರೆ ನಾವು ಗೊತ್ತಿಲ್ಲದಂತೆ ದಿನಕ್ಕೆ ಎಷ್ಟೋ ಸಲ ಬೆರಳಿನಿಂದ ಮುಖ ಮುಟ್ಟುತ್ತೇವೆ. ಅಲ್ಲಿಯ ಚರ್ಮ ತೆಳು. ಪಾಪ, ಅಂಥವರು ಕಣ್ಣಿಗೆ ಔಷಧಿ ಹಾಕಿಕೊಳ್ಳುತ್ತಾ ಇರುತ್ತಾರೆ, ಬಣ್ಣದ ಮೇಲೆ ಅನುಮಾನ ಬರುವುದಿಲ್ಲ.

ಮೂರನೆಯದು ಡೈಬ್ಯುಟೈಲ್ ಥ್ಯಾಲೇಟ್. ಒಣಗಿದ ಬಣ್ಣ ಚಕ್ಕೆ ಏಳದೆ ಬಾಗಲಿ ಅಂತ ಇದನ್ನು ಹಾಕುತ್ತಿದ್ದರು. ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿರುವ ಗಂಡು ಮರಿಗಳ ಬೆಳವಣಿಗೆಗೆ ತೊಂದರೆ ಆಗುವುದು ಕಂಡುಬಂತು. ಯುರೋಪಿನ ಒಕ್ಕೂಟ 2004ರಲ್ಲಿ ಕಾನೂನು ತಂದು ಸೌಂದರ್ಯ ಸಾಧನಗಳಲ್ಲಿ ಇದನ್ನು ಹಾಕಬಾರದು ಎಂದಿತು. ಆಮೇಲೆ ಅನೇಕ ಕಂಪನಿಗಳು ಇದನ್ನು ಬಿಟ್ಟು ಟ್ರೈಫಿನೈಲ್ ಫಾಸ್ಫೇಟ್ ಎಂಬ ಇನ್ನೊಂದನ್ನು ಹಾಕತೊಡಗಿದವು. ಅದನ್ನೂ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿದರು. 2015ರಲ್ಲಿ ಫಲಿತಾಂಶ ಹೊರಬಂತು. ಬಣ್ಣ ಹಚ್ಚಿಕೊಂಡ ಹತ್ತು ಹದಿನಾಲ್ಕು ಗಂಟೆಯ ಮೇಲೆ ಆ ಹೆಂಗಸರ ಮೂತ್ರದಲ್ಲಿ ಅದರ ಗುರುತು ಹೆಚ್ಚುಕಡಿಮೆ ಏಳು ಪಟ್ಟು ಜಾಸ್ತಿಯಾಗಿತ್ತು. ಕೈಗೆ ಗ್ಲೌಸ್ ಹಾಕಿ ಅದರ ಮೇಲಿನ ನಕಲಿ ಉಗುರಿಗೆ ಬಣ್ಣ ಬಳಿದಾಗ ಹಾಗೆ ಏರಲಿಲ್ಲ. ಅಂದರೆ ಈ ಒಂದು ರಾಸಾಯನಿಕ ಮುಖ್ಯವಾಗಿ ಮೂಗಿನಿಂದ ಅಲ್ಲ, ಉಗುರು ಮತ್ತು ಸುತ್ತಲಿನ ಚರ್ಮದ ಮೂಲಕ ಒಳಗೆ ಹೋಗುತ್ತದೆ. ‘ಉಗುರಿಗೆ ಜೀವ ಇಲ್ಲ, ಏನ್ ಹಚ್ಚಿದ್ರೂ ಏನಾಗ್ತೈತೆ?’ ಎನ್ನುವವರಿಗೆ ಇದನ್ನು ಹೇಳಬೇಕು. ಬಾಗಿಲಿಗೆ ಜೀವ ಇಲ್ಲದಿದ್ದರೂ ಸಂದಿಯಲ್ಲಿ ಇರುವೆ ಬರುತ್ತದಲ್ಲ, ಹಾಗೆ.

ಇಷ್ಟು ಓದಿ ಹೆದರಬೇಡಿ. ನಾನು ಇದನ್ನೆಲ್ಲಾ ಮನೆಯಲ್ಲಿ ಓದಿ ಹೇಳಿದಾಗ ನಮ್ಮವ್ವ ‘ಇನ್ನು ಮೇಲೆ ಆ ಬಾಟಲಿ ನಮ್ಮನೆ ಹೊಸ್ತಿಲು ದಾಟಬಾರದು’ ಅಂದಳು. ನನ್ನ ಅಭಿಪ್ರಾಯ ಅದಲ್ಲ. ವಿಷ ಎಂಬುದು ಹೆಸರಿನಲ್ಲಿ ಮಾತ್ರ ಇರುವುದಿಲ್ಲ. ಎಷ್ಟು, ಎಷ್ಟು ಹೊತ್ತು, ಎಂಥ ಜಾಗದಲ್ಲಿ ಎಂಬ ಮೂರನ್ನೂ ಕೇಳಬೇಕು. ಹಬ್ಬಕ್ಕೋ ಶಾಲೆಯ ವಾರ್ಷಿಕೋತ್ಸವದ ಡ್ಯಾನ್ಸಿಗೋ ಒಂದು ದಿನ ಜಗಲಿಯಲ್ಲಿ ಗಾಳಿಗೆ ಕೂತು ಹತ್ತು ಬೆರಳಿಗೆ ಹಚ್ಚಿಕೊಂಡರೆ ರೋಗ ಬರುತ್ತದೆ ಅಂತ ಅಳಬೇಕಾಗಿಲ್ಲ. ಆದರೆ ದಿನಾ ಹತ್ತು ಗಂಟೆ ಮುಚ್ಚಿದ ಕೋಣೆಯಲ್ಲಿ ಕೂತು ಬೇರೆಯವರ ಉಗುರಿಗೆ ಹಚ್ಚುವವರ ಕಥೆ ಏನು? ಹಚ್ಚಿಸಿಕೊಂಡವರು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಹಚ್ಚುವವರು ಅಲ್ಲೇ ಇರುತ್ತಾರೆ.

ನಮ್ಮ ಅಕ್ಕ ಅಂಥವಳು. ಪಿಯುಸಿ ಮುಗಿಸಿ ಕೆಲಸ ಕಲಿತು ಎರಡು ವರ್ಷದಿಂದ ದಾವಣಗೆರೆಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಗಾಜಿನ ಬಾಗಿಲು, ಎ.ಸಿ., ಹಿಂದುಗಡೆ ಕಿಟಕಿ ಇಲ್ಲ. ಮದುವೆ ದಿನಗಳಲ್ಲಿ ಬಿಡುವೇ ಇರುವುದಿಲ್ಲ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ ಅನ್ನುತ್ತಿದ್ದಳು. ಊರಿಗೆ ಬಂದರೆ ಎರಡನೇ ದಿನಕ್ಕೆ ಪೂರಾ ವಾಸಿ. ಅಜ್ಜಿ ‘ಊರಿನ ನೀರು ಕುಡಿದ್ರೆ ಎಲ್ಲಾ ಸರಿ ಹೋಗ್ತೈತೆ’ ಅಂದಳು. ಮೇಷ್ಟ್ರಿಗೆ ಹೇಳಿದಾಗ ಅವರು, ‘ಕೆಲಸದ ದಿನ ಬರೋದು, ರಜೆ ದಿನ ಹೋಗೋದು ಅಂದ್ರೆ ಕೆಲಸದ ಜಾಗದಲ್ಲೇ ಕಾರಣ ಹುಡುಕಬೇಕಮ್ಮ’ ಅಂದರು. ಎ.ಸಿ. ಇದ್ದರೆ ಗಾಳಿ ಒಳ್ಳೆಯದು ಅಂತ ನಾವು ತಿಳಿದಿದ್ದೇವೆ. ಅಂಥ ಕೋಣೆಗಳಲ್ಲಿ ಗೋಡೆಗೆ ಹಾಕುವ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿ ತಿರುಗಿ ಬಿಡುತ್ತದೆ. ವಾಸನೆಯೂ ಅಲ್ಲಲ್ಲೇ ತಿರುಗುತ್ತದೆ.

ಆಮೇಲೆ ಅವಳ ಬೆರಳ ತುದಿಗಳು ಕೆಂಪಾಗಿ ಒಡೆದು ತುರಿಕೆ ಶುರುವಾಯಿತು. ಚರ್ಮದ ಡಾಕ್ಟರು ನೋಡಿ ಇದು ಜೆಲ್ ಪಾಲಿಶಿನ ಅಲರ್ಜಿ ಎಂದರು. ಜೆಲ್ ಪಾಲಿಶ್ ಅಂದರೆ ಗಾಳಿಗೆ ಒಣಗುವ ಬಣ್ಣ ಅಲ್ಲ. ಅದನ್ನು ಹಚ್ಚಿ ಕೈಯನ್ನು ಒಂದು ನೇರಳಾತೀತ ದೀಪದ ಕೆಳಗೆ ಇಡುತ್ತಾರೆ, ಆಗ ಗಟ್ಟಿಯಾಗುತ್ತದೆ. ಅದರಲ್ಲಿ ಅಕ್ರಿಲೇಟ್ ಜಾತಿಯ ರಾಸಾಯನಿಕಗಳು ಇರುತ್ತವೆ. ಗಟ್ಟಿಯಾಗುವ ಮುಂಚೆ ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹಿಡಿಯಬಹುದು. ಒಮ್ಮೆ ಹಿಡಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಹಲ್ಲಿಗೆ ತುಂಬುವ ಕೆಲವು ಸಾಮಗ್ರಿಯೂ ಇದೇ ಜಾತಿಯದು. ಆದ್ದರಿಂದ ಅಲರ್ಜಿ ಇರುವವರು ಹಲ್ಲಿನ ಡಾಕ್ಟರಿಗೂ ಮೊದಲೇ ಹೇಳಬೇಕು. ದೀಪದ ಕೆಳಗೆ ಜೆಲ್ ಗಟ್ಟಿಯಾಗಲು ಸಹಾಯ ಮಾಡುವ ಟಿ.ಪಿ.ಒ. ಎಂಬ ಒಂದು ವಸ್ತುವನ್ನು ಯುರೋಪಿನಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧ ಮಾಡಿದ್ದಾರೆ. ಪ್ರಾಣಿಗಳ ಪರೀಕ್ಷೆಯಲ್ಲಿ ಅದು ಸಂತಾನಶಕ್ತಿಗೆ ತೊಂದರೆ ಕೊಡುವುದು ಕಂಡದ್ದೇ ಕಾರಣ.

ಗೌರಿ ಹಬ್ಬಕ್ಕೆ ಅಕ್ಕ ಬಂದಾಗ ಮನೆಯಲ್ಲಿ ಇದೇ ಮಾತು. ಅಜ್ಜಿ ‘ಆ ಕೆಲಸ ಬಿಡ್ಸಿ, ಒಂದು ಗಂಡು ನೋಡ್ರಿ’ ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ತೋಟದ ಬೋರ್‌ವೆಲ್ಲಿನ ಸಾಲದ ಕಂತು ಕಟ್ಟುತ್ತಿರುವುದು ಅಕ್ಕನ ಸಂಬಳದಿಂದ. ಅಕ್ಕ ‘ಅಜ್ಜಿ, ನಾನು ಕಲ್ತಿರೋ ಕೆಲಸ ಇದು, ನಂಗೆ ಇಷ್ಟ ಐತೆ, ಬಿಡಲ್ಲ’ ಅಂದಳು. ನಾನು ಅಕ್ಕನ ಕಡೆ. ಕೆಟ್ಟದ್ದು ಕೆಲಸ ಅಲ್ಲ, ಕಿಟಕಿ ಇಲ್ಲದ ಕೋಣೆ. ತಿನ್ನರ್ ವಾಸನೆ ಅಂತ ಪೇಂಟಿನ ಅಣ್ಣಂದಿರಿಗೆ ಯಾರೂ ಕೆಲಸ ಬಿಟ್ಟು ಮದುವೆಯಾಗು ಅನ್ನುವುದಿಲ್ಲವಲ್ಲ!

ನಾನೂ ಅಕ್ಕನೂ ಕೂತು ಏನೇನು ಮಾಡಬಹುದು ಅಂತ ಹಾಳೆಯಲ್ಲಿ ಬರೆದುಕೊಂಡೆವು. ಮುಖಕ್ಕೆ ಹಾಕುವ ಬಟ್ಟೆಯ ಮಾಸ್ಕು, ಕೊರೋನಾ ಕಾಲದ ನೀಲಿ ಮಾಸ್ಕು ಇವು ಉಗುರು ಉಜ್ಜುವಾಗ ಏಳುವ ಧೂಳನ್ನು ಸ್ವಲ್ಪ ತಡೆಯುತ್ತವೆ, ಆವಿಯನ್ನು ತಡೆಯುವುದಿಲ್ಲ. ವಾಸನೆ ಬರುತ್ತಿದೆ ಅಂದರೆ ಆವಿ ಒಳಗೆ ಬರುತ್ತಿದೆ ಅಂತಲೇ ಅರ್ಥ. ಗ್ಲೌಸು ನೈಟ್ರೈಲಿನದು ಆಗಬೇಕು. ಅದನ್ನೂ ಜೆಲ್ ಕೆಲಸದಲ್ಲಿ ಆಗಾಗ ಬದಲಿಸಬೇಕು, ಬೆಳಿಗ್ಗೆ ಹಾಕಿದ್ದು ಸಂಜೆವರೆಗೂ ನಡೆಯುವುದಿಲ್ಲ. ಬಾಟಲಿ ಬಳಸಿದ ಕೂಡಲೇ ಮುಚ್ಚಳ ಹಾಕಬೇಕು. ಒರೆಸಿದ ಹತ್ತಿಯನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ಬುಟ್ಟಿಯಿಂದ ಇಡೀ ದಿನ ಆವಿ ಏಳುತ್ತಲೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು, ಕೆಟ್ಟ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನು. ಅದನ್ನು ಅಕ್ಕ ಒಬ್ಬಳೇ ಕೇಳಿದಾಗ ಪಾರ್ಲರಿನವರು ‘ನೋಡೋಣ’ ಅಂದಿದ್ದರಂತೆ. ಹಬ್ಬ ಮುಗಿಸಿ ಹೋದ ಮೇಲೆ ಅಲ್ಲಿಯ ಮೂವರು ಹುಡುಗಿಯರೂ ಒಟ್ಟಿಗೆ ಹೋಗಿ ಕೇಳಿದ್ದಾರೆ. ಈಗ ಉಗುರಿನ ಟೇಬಲನ್ನು ಬಾಗಿಲ ಹತ್ತಿರಕ್ಕೆ ತಂದಿದ್ದಾರೆ, ಗಂಟೆಗೊಮ್ಮೆ ಬಾಗಿಲು ತೆರೆದಿಡುತ್ತಾರೆ. ಫ್ಯಾನು ಇನ್ನೂ ಬಂದಿಲ್ಲ. ಅಕ್ಕನಿಗೆ ತಲೆನೋವು ಕಡಿಮೆಯಾಗಿದೆ. ಬೆರಳು ಹಾಗೇ ಇದೆ, ಅವಳು ಜೆಲ್ ಕೆಲಸ ಬಿಟ್ಟು ಕೂದಲಿನ ಕೆಲಸ ಹೆಚ್ಚು ತೆಗೆದುಕೊಳ್ಳುತ್ತಿದ್ದಾಳೆ.

ಈಗ ನಮ್ಮ ಮನೆಗಳ ವಿಷಯ. ಇಲ್ಲಿ ದೊಡ್ಡ ಅಪಾಯ ಬೇರೆ, ಅದು ಬೆಂಕಿ. ಅಸಿಟೋನ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದರೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಅದರ ಆವಿಗೆ ಕಿಡಿ ತಾಗಿದರೆ ಉರಿಯುತ್ತದೆ. ನಮ್ಮ ಹೊಳಲ್ಕೆರೆ ಸೀಮೆಯ ಬಿಸಿಲಿನಲ್ಲಿ ಕೇಳಬೇಕೆ? ಇನ್ನೊಂದು ಸಂಗತಿ, ಅಸಿಟೋನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಟಾಲ್ವೀನ್ ಆವಿ ಮೂರು ಪಟ್ಟು. ಅದು ಹೊಗೆಯಂತೆ ಮೇಲೆ ಹೋಗದೆ ನೆಲದ ಮೇಲೆ ನೀರಿನಂತೆ ಹರಿದು ಹೋಗುತ್ತದೆ. ನಾವು ಹಚ್ಚಿಕೊಳ್ಳುವುದು ನೆಲದ ಮೇಲೆ ಕೂತು. ನಮ್ಮ ಒಲೆ ಇರುವುದು ನೆಲದ ಮೇಲೆ. ಅಂಬೆಗಾಲಿಡುವ ಕೂಸು ಆಡುವುದೂ ನೆಲದ ಮೇಲೆ! ಅಡುಗೆ ಮನೆಯಲ್ಲಿ, ದೇವರ ದೀಪದ ಹತ್ತಿರ, ಊದುಬತ್ತಿ ಹಚ್ಚಿದ ಕಡೆ ಬಾಟಲಿ ತೆಗೆಯಲೇಬಾರದು. ಇದು ಮಾತ್ರ ‘ಒಂದು ದಿನ ಪರವಾಗಿಲ್ಲ’ ಅನ್ನುವ ಮಾತಲ್ಲ.

ಸಣ್ಣ ಮಕ್ಕಳು ರಿಮೂವರನ್ನು ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬಾರದು, ದ್ರವ ಶ್ವಾಸಕೋಶಕ್ಕೆ ಹೋಗಬಹುದು. 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಆಸ್ಪತ್ರೆಗೆ ತೆಗೆದುಕೊಂಡು ಹೋಗಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಶುದ್ಧ ನೀರು ಬಿಡುತ್ತಲೇ ಇರಬೇಕು.

ಡಾಕ್ಟರು ಶಾಲೆಗೆ ತಪಾಸಣೆಗೆ ಬಂದಾಗ ಕಣ್ಣಿನ ರೆಪ್ಪೆ ಎಳೆದು, ಅಂಗೈ, ಉಗುರು ನೋಡುತ್ತಾರೆ. ರಕ್ತ ಕಡಿಮೆ ಇದ್ದರೆ ಉಗುರು ಬಿಳಿಚಿಕೊಂಡಿರುತ್ತದೆ. ಬಣ್ಣ ಹಚ್ಚಿದ್ದರೆ ಅದು ಕಾಣುವುದೇ ಇಲ್ಲ. ಬೆರಳಿಗೆ ಕ್ಲಿಪ್ಪಿನಂತೆ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರವೂ ಗಾಢ ಬಣ್ಣ ಇದ್ದರೆ ತಪ್ಪು ಲೆಕ್ಕ ತೋರಿಸಬಹುದು. ಆದ್ದರಿಂದ ತಪಾಸಣೆಯ ಹಿಂದಿನ ದಿನ ಒರೆಸಿಕೊಂಡು ಬನ್ನಿ.

‘ಹಾಗಾದರೆ ಗೋರಂಟಿ ಹಚ್ಚೋಣ’ ಅಂತ ಅಜ್ಜಿ ಪಾರ್ಟಿಯವರು ಹೇಳುತ್ತಾರೆ. ಸರಿಯೇ. ಬೇಲಿಯ ಸೊಪ್ಪು ಕಿತ್ತು, ಹುಣಸೆಹಣ್ಣು, ಅಡಿಕೆ ಚೂರು ಹಾಕಿ ರುಬ್ಬಿ ರಾತ್ರಿ ಪೂರಾ ಕಟ್ಟಿಕೊಂಡರೆ ಬರುವ ಬಣ್ಣ ಕೇಸರಿ ಮಿಶ್ರಿತ ಕೆಂಪು. ಆದರೆ ಜಾತ್ರೆಯಲ್ಲಿ ‘ಅರ್ಧ ಗಂಟೆಯಲ್ಲಿ ಕಪ್ಪು’ ಅಂತ ಮಾರುವ ಕೋನುಗಳು ಬೇರೆ. ಬರೀ ಗೋರಂಟಿ ಸೊಪ್ಪು ಯಾವತ್ತೂ ಅರ್ಧ ಗಂಟೆಯಲ್ಲಿ ಕಪ್ಪಾಗುವುದಿಲ್ಲ. ಅಂಥ ಕೋನಿನಲ್ಲಿ ತಲೆಗೂದಲಿಗೆ ಹಾಕುವ ಕಪ್ಪು ಬಣ್ಣದ ರಾಸಾಯನಿಕ, ಪ್ಯಾರಾಫಿನೈಲಿನ್ ಡೈಅಮೀನ್ ಬೆರೆತಿರಬಹುದು. ಅದರಿಂದ ಕೆಲವರ ಕೈಯಲ್ಲಿ ಚಿತ್ರ ಬಿಡಿಸಿದ ಹಾಗೇ ಬೊಬ್ಬೆ ಏಳುತ್ತವೆ.

ಕೊನೆಗೆ ಬಾಟಲಿಯ ಚೀಟಿ. ನಮ್ಮ ದೇಶದಲ್ಲಿ 1940ರ ಔಷಧಿ ಮತ್ತು ಸೌಂದರ್ಯ ಸಾಧನಗಳ ಕಾಯ್ದೆ ಇದೆ, 2020ರಲ್ಲಿ ಸೌಂದರ್ಯ ಸಾಧನಗಳಿಗೆಂದೇ ಬೇರೆ ನಿಯಮಗಳು ಬಂದವು. ಅದರ ಪ್ರಕಾರ ತಯಾರಕರ ಹೆಸರು ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಯಾವ ದಿನದೊಳಗೆ ಬಳಸಬೇಕು, ಏನೇನು ಹಾಕಿದ್ದಾರೆ ಎಂಬುದೆಲ್ಲಾ ಮುದ್ರಿಸಿರಬೇಕು. ನಾವು ನಾಲ್ಕು ಜನ ಗೆಳತಿಯರು ನಮ್ಮ ಮನೆಗಳ ಬಾಟಲಿಗಳನ್ನು ತಂದು ಮೇಷ್ಟ್ರ ಭೂತಗನ್ನಡಿಯಲ್ಲಿ ನೋಡಿದೆವು. ಅಂಗಡಿಯಲ್ಲಿ ಕೊಂಡದ್ದರ ಮೇಲೆ ಇರುವೆಯಂಥ ಅಕ್ಷರದಲ್ಲಾದರೂ ಎಲ್ಲಾ ಇತ್ತು. ಸಂತೆಯಲ್ಲಿ ಕೊಂಡ ಒಂದರ ಮೇಲೆ ಗುಲಾಬಿ ಹೂವಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಅದೇ ಎಲ್ಲಕ್ಕಿಂತ ಜಾಸ್ತಿ ಘಾಟು.

ಚೀಟಿ ಇದ್ದ ಮಾತ್ರಕ್ಕೆ ನಂಬಬೇಕು ಅಂತಲೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದವರು ಪಾರ್ಲರುಗಳಿಗೆ ಮಾರುವ 25 ಬಣ್ಣಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟರು. ‘ಟಾಲ್ವೀನ್ ಇಲ್ಲ’ ಎಂದು ಹೇಳಿಕೊಂಡಿದ್ದ 12 ಬಣ್ಣಗಳ ಪೈಕಿ 10ರಲ್ಲಿ ಟಾಲ್ವೀನ್ ಇತ್ತು! ಆದರೂ ವಿಳಾಸ ಇದ್ದರೆ ದೂರು ಕೊಡುವುದಕ್ಕೆ ಒಂದು ಮನೆ ಬಾಗಿಲು ಸಿಗುತ್ತದೆ. ಗುಲಾಬಿ ಹೂವಿನ ಮೇಲೆ ಯಾರಿಗೆ ದೂರು ಕೊಡೋದು?

ಈ ಹಾಳೆಯ ಕೆಳಗೆ ಎರಡು ಖಾಲಿ ಬಾಟಲಿಗಳ ಚೀಟಿ ಕಿತ್ತು ಅಂಟಿಸಿದ್ದೇನೆ. ಹುಡುಕಬೇಕಾದ ಹೆಸರುಗಳ ಕೆಳಗೆ ಕೆಂಪು ಗೆರೆ ಎಳೆದು, ಕನ್ನಡದಲ್ಲಿ ಹೇಗೆ ಓದಬೇಕು ಅಂತ ಪಕ್ಕದಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಖಾಲಿ ಬಾಟಲಿಗಳನ್ನು ಮುಂದಿನ ಶನಿವಾರದ ಒಳಗೆ ನನಗಾಗಲಿ ವಿಜ್ಞಾನದ ಮೇಷ್ಟ್ರಿಗಾಗಲಿ ತಂದುಕೊಡಿ. ಮುಚ್ಚಳ ಬಿಗಿಯಾಗಿ ತಿರುಗಿಸಿ ತನ್ನಿ. ತರಗತಿಯ ಒಳಗೆ ಮಾತ್ರ ತೆರೆಯಬೇಡಿ, ಜಗಲಿಯಲ್ಲಿ ನೋಡೋಣ.